ಥೈರಾಯ್ಡ್ ಕ್ಯಾನ್ಸರ್: ಕಾಯುವುದೋ, ಅರ್ಧ ತೆಗೆಸುವುದೋ, ಪೂರ್ತಿ ತೆಗೆಸುವುದೋ?

ಕುತ್ತಿಗೆಯಲ್ಲಿ ಗಂಟೊಂದಿದೆ ಎಂದು ತಿಳಿದ ದಿನದಿಂದ ರೋಗಿಯ ಮುಂದೆ ಒಂದಾದ ಮೇಲೊಂದು ಆಯ್ಕೆ ಬಂದು ನಿಲ್ಲುತ್ತದೆ. ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಬೇಕೋ, ಮುಂದಿನ ಸ್ಕ್ಯಾನಿಂಗ್‌ವರೆಗೆ ಕಾಯಬೇಕೋ? ಗ್ರಂಥಿಯ ಒಂದು ಭಾಗ ತೆಗೆದರೆ ಸಾಕೋ, ಇಡೀ ಗ್ರಂಥಿ ಹೋಗಬೇಕೋ? ಆಮೇಲೆ ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್) ಬೇಕೋ, ಬೇಡವೋ? "ಎರಡೂ ಮಾಡಬಹುದು, ನೀವೇನಂತೀರಿ?" ಎಂದು ವೈದ್ಯರು ಕೇಳಿದಾಗ, ಕ್ಯಾನ್ಸರ್ ಎಂಬ ಹೆಸರು ಕೇಳಿಯೇ ಕುಸಿದು ಕೂತ ಮನೆಯವರು "ಎಲ್ಲಾ ತೆಗೆದುಬಿಡಿ ಡಾಕ್ಟ್ರೇ" ಎಂದುಬಿಡುತ್ತಾರೆ. ಆ ಮಾತು ಬಾಯಿಂದ ಬರುವ ಮೊದಲು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುವಂಥವು. ಯೋಚಿಸುವುದಕ್ಕೆ, ಇನ್ನೊಬ್ಬ ವೈದ್ಯರನ್ನು ಕೇಳುವುದಕ್ಕೆ ಕೆಲವು ವಾರಗಳ ಸಮಯ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಚಿಕಿತ್ಸೆ ಕಡಿಮೆಯಾದರೆ ಹಾನಿ ಎಂಬುದು ಎಲ್ಲರಿಗೂ ಗೊತ್ತು; ಈ ಕಾಯಿಲೆಯಲ್ಲಿ ಚಿಕಿತ್ಸೆ ಹೆಚ್ಚಾದರೂ ಅಷ್ಟೇ ಹಾನಿ. ಇದಕ್ಕೆ ದಕ್ಷಿಣ ಕೊರಿಯಾ ಕಂಡ ಅನುಭವವೇ ಸಾಕ್ಷಿ. ಅಲ್ಲಿ ಆರೋಗ್ಯ ತಪಾಸಣೆಯ ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುವುದು ವಾಡಿಕೆಯಾಯಿತು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 15 ಪಟ್ಟು ಏರಿತ್ತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಆಪರೇಷನ್ ಆಯಿತು. ಹಾಗೆ ಆಪರೇಷನ್ ಆದ 15,000ಕ್ಕೂ ಹೆಚ್ಚು ಜನರ ವಿಮಾ ದಾಖಲೆ ನೋಡಿದಾಗ ಶೇ 11ರಷ್ಟು ಮಂದಿಗೆ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಕೊರತೆ, ಶೇ 2ರಷ್ಟು ಮಂದಿಗೆ ಸ್ವರತಂತುವಿನ ಪಾರ್ಶ್ವವಾಯು ಕಂಡುಬಂತು. ಗಂಟು ಪತ್ತೆಯಾಗದೇ ಇದ್ದಿದ್ದರೆ ಅವರಲ್ಲಿ ಬಹಳ ಮಂದಿ ಆರಾಮವಾಗಿಯೇ ಇರುತ್ತಿದ್ದರು.

ನಿಧಾನ ಸಲ್ಲದ ಸಂದರ್ಭಗಳೂ ಇವೆ. ಗಂಟು ವಾರದಿಂದ ವಾರಕ್ಕೆ ಕಣ್ಣಿಗೆ ಕಾಣುವಂತೆ ದೊಡ್ಡದಾಗುತ್ತಿದ್ದರೆ, ದನಿ ಒಡೆದು ಸರಿಹೋಗದಿದ್ದರೆ, ಉಸಿರಾಟಕ್ಕೋ ನುಂಗುವುದಕ್ಕೋ ತೊಂದರೆಯಾದರೆ, ಮುಟ್ಟಿದಾಗ ಕಲ್ಲಿನಂತೆ ಗಟ್ಟಿಯಾಗಿ ಅಲ್ಲಾಡದೆ ಕೂತಿದ್ದರೆ ಕೂಡಲೇ ವೈದ್ಯರ ಬಳಿ ಹೋಗಬೇಕು. ಗಂಟು ಮಕ್ಕಳಲ್ಲಿದ್ದರೆ, ಚಿಕ್ಕಂದಿನಲ್ಲಿ ಕುತ್ತಿಗೆಗೆ ವಿಕಿರಣ ತಗುಲಿದವರಲ್ಲಿದ್ದರೆ, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದವರಲ್ಲಿದ್ದರೆ ಮೊದಲಿನಿಂದಲೇ ಹೆಚ್ಚು ಎಚ್ಚರ ಬೇಕು.

ಯಾವ ಪರೀಕ್ಷೆ ಮೊದಲು?

"ಥೈರಾಯ್ಡ್ ಟೆಸ್ಟ್ ನಾರ್ಮಲ್ ಬಂದಿದೆ, ಕ್ಯಾನ್ಸರ್ ಇರಲಾರದು" ಎಂಬ ಮಾತು ಬಹಳ ಕೇಳಿಬರುತ್ತದೆ. ಇದು ತಪ್ಪು. ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಪರೀಕ್ಷೆ ಗ್ರಂಥಿ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಅದರೊಳಗೆ ಏನು ಬೆಳೆಯುತ್ತಿದೆ ಎಂಬುದನ್ನಲ್ಲ. ಕ್ಯಾನ್ಸರ್ ಇರುವವರಲ್ಲಿ ಹೆಚ್ಚಿನವರ ಟಿಎಸ್‌ಎಚ್ ಸರಿಯಾಗಿಯೇ ಇರುತ್ತದೆ. ಆದರೂ ಅದನ್ನು ಮೊದಲು ಮಾಡಿಸಬೇಕು. ಟಿಎಸ್‌ಎಚ್ ಕಡಿಮೆ ಬಂದರೆ ಆ ಗಂಟೇ ಅತಿಯಾಗಿ ಹಾರ್ಮೋನ್ ಸುರಿಸುತ್ತಿರಬಹುದು. ಆಗ ಐಸೊಟೋಪ್ ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ಐಸೊಟೋಪನ್ನು ಹೆಚ್ಚು ಹೀರಿ "ಹಾಟ್" ಎಂದು ಕಂಡ ಗಂಟು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಸಾಮಾನ್ಯವಾಗಿ ಸೂಜಿಯ ಅಗತ್ಯವೇ ಬೀಳುವುದಿಲ್ಲ.

ಟಿಎಸ್‌ಎಚ್ ಸರಿಯಿದ್ದರೆ ಅಥವಾ ಹೆಚ್ಚಿದ್ದರೆ ಮುಖ್ಯ ಪರೀಕ್ಷೆ ಅಲ್ಟ್ರಾಸೌಂಡ್. ಗಂಟನ್ನು ಅಳೆಯಲು ಸಿಟಿ, ಎಂಆರ್‌ಐಗಳಿಗಿಂತ ಇದೇ ಮೇಲು. ಗಂಟು ತುಂಬ ದೊಡ್ಡದಾಗಿ ಎದೆಮೂಳೆಯ ಹಿಂದಕ್ಕೆ ಇಳಿದಿದ್ದರೆ, ಶ್ವಾಸನಾಳವನ್ನೋ ಅನ್ನನಾಳವನ್ನೋ ಒತ್ತುತ್ತಿದ್ದರೆ ಸಿಟಿ ಬೇಕಾಗುತ್ತದೆ. ಸಿಟಿ ಚಿತ್ರ ಸ್ಪಷ್ಟವಾಗಲೆಂದು ಕೊಡುವ ಕಾಂಟ್ರಾಸ್ಟ್ ದ್ರವದಲ್ಲಿ ಅಯೋಡಿನ್ ಇರುವುದರಿಂದ ಮುಂದೆ ರೇಡಿಯೋ ಅಯೋಡಿನ್ ಕೊಡುವುದಿದ್ದರೆ ಕೆಲವು ವಾರ ತಡೆಯಬೇಕಾದೀತು. ಆ ಕಾರಣಕ್ಕೆ ಅಗತ್ಯವಿರುವ ಸಿಟಿಯನ್ನು ಬಿಡಬಾರದು. ಪೆಟ್ ಸ್ಕ್ಯಾನನ್ನು ಗಂಟಿನ ತಪಾಸಣೆಗೆಂದು ಮೊದಲು ಮಾಡಿಸುವುದರಲ್ಲಿ ಅರ್ಥವಿಲ್ಲ. ಬೇರೆ ಕಾಯಿಲೆಗೆ ಮಾಡಿಸಿದ ಪೆಟ್‌ನಲ್ಲಿ ಥೈರಾಯ್ಡ್ ಗಂಟು ಹೊಳೆದು ಕಂಡರೆ ಮಾತ್ರ ಅದನ್ನು ಕಡೆಗಣಿಸಬೇಡಿ. ಅಂಥ ಗಂಟುಗಳಲ್ಲಿ ಸುಮಾರು ಮೂರರಲ್ಲೊಂದು ಕ್ಯಾನ್ಸರ್ ಇರುತ್ತದೆ.

ಸೂಜಿ ಹಾಕಿಸುವುದೋ, ಕಾದು ನೋಡುವುದೋ?

ವಯಸ್ಸಾದಂತೆ ಥೈರಾಯ್ಡ್‌ನಲ್ಲಿ ಗಂಟು ಕಾಣಿಸಿಕೊಳ್ಳುವುದು ತೀರಾ ಸಾಮಾನ್ಯ. ಕಂಡ ಗಂಟಿಗೆಲ್ಲ ಸೂಜಿ ಹಾಕುತ್ತ ಹೋದರೆ ಕೊನೆಯೇ ಇಲ್ಲ. ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ ಗಂಟಿನ ಅಳತೆಯಷ್ಟೇ ಅದರ ಚಹರೆಯೂ ಮುಖ್ಯ. ಗಂಟು ಸುತ್ತಲಿನ ಭಾಗಕ್ಕಿಂತ ಕಪ್ಪಾಗಿದೆಯೇ, ಅಂಚು ಒರಟೊರಟಾಗಿದೆಯೇ, ಒಳಗೆ ಸಣ್ಣ ಸಣ್ಣ ಸುಣ್ಣದ ಚುಕ್ಕೆಗಳಿವೆಯೇ, ಅಗಲಕ್ಕಿಂತ ಎತ್ತರ ಹೆಚ್ಚಿದೆಯೇ, ಗ್ರಂಥಿಯ ಹೊರಗೆ ಚಾಚಿದೆಯೇ ಎಂಬ ಲಕ್ಷಣಗಳಿಗೆ ಅಂಕ ಕೊಟ್ಟು ಟಿಆರ್1ರಿಂದ ಟಿಆರ್5ರವರೆಗೆ ವರ್ಗ ಮಾಡುತ್ತಾರೆ. ಟಿರಾಡ್ಸ್ ಎನ್ನುವುದು ಇದನ್ನೇ. ಅಮೆರಿಕದ ರೇಡಿಯಾಲಜಿ ಕಾಲೇಜು 2017ರಲ್ಲಿ ಪ್ರಕಟಿಸಿದ ಪದ್ಧತಿಯ ಪ್ರಕಾರ ಸೂಜಿಯ ಮಿತಿ ಹೀಗಿದೆ:

ಟಿಆರ್1, ಟಿಆರ್2: ಸೂಜಿ ಬೇಡ.
ಟಿಆರ್3: 2.5 ಸೆಂ.ಮೀ. ಅಥವಾ ಹೆಚ್ಚಿದ್ದರೆ.
ಟಿಆರ್4: 1.5 ಸೆಂ.ಮೀ. ಅಥವಾ ಹೆಚ್ಚಿದ್ದರೆ.
ಟಿಆರ್5: 1 ಸೆಂ.ಮೀ. ಅಥವಾ ಹೆಚ್ಚಿದ್ದರೆ.

1 ಸೆಂ.ಮೀ.ಗಿಂತ ಚಿಕ್ಕದಾದ ಟಿಆರ್5 ಗಂಟಿಗೂ "ಸೂಜಿ ಈಗ ಬೇಡ, ವರ್ಷಕ್ಕೊಮ್ಮೆ ನೋಡೋಣ" ಎಂದು ವೈದ್ಯರು ಹೇಳಿದರೆ ಅದು ಅಸಡ್ಡೆಯಲ್ಲ, ನಿಯಮವೇ ಹಾಗಿದೆ. ಆದರೆ ಕುತ್ತಿಗೆಯ ಪಕ್ಕದ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ನೋಡಿದ್ದಾರೆಯೇ ಎಂದು ಕೇಳಿ. ಅಲ್ಲಿ ಅನುಮಾನಾಸ್ಪದ ಗಂಟು ಕಂಡರೆ ಈ ಅಳತೆಗಳಾವುವೂ ಲೆಕ್ಕಕ್ಕಿಲ್ಲ. ಆ ದುಗ್ಧಗ್ರಂಥಿಗೂ ಸೂಜಿ ಹಾಕಬೇಕು.

ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ಎಂದರೆ ಹೆದರುವವರಿಗೆ ಒಂದು ಮಾತು. ಇದಕ್ಕೆ ಬಳಸುವುದು ರಕ್ತ ತೆಗೆಯುವ ಸೂಜಿಗಿಂತಲೂ ಸಣ್ಣದು. ಭುಜದ ಕೆಳಗೆ ದಿಂಬಿಟ್ಟು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿ ಮಲಗಿಸುತ್ತಾರೆ. ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿ ಗಂಟಿನೊಳಗೆ ಹೋಗುವುದನ್ನು ನೋಡುತ್ತಲೇ ಕೆಲವು ಸೆಕೆಂಡು ಹಿಂದೆಮುಂದೆ ಆಡಿಸಿ ಜೀವಕೋಶಗಳನ್ನು ತೆಗೆಯುತ್ತಾರೆ. ಅಷ್ಟು ಹೊತ್ತು ನುಂಗಬಾರದು, ಮಾತಾಡಬಾರದು. ಎರಡು ಮೂರು ಸಲ ಚುಚ್ಚಿ ಗಾಜಿನ ಸ್ಲೈಡಿನ ಮೇಲೆ ಹರಡಿದರೆ ಕೆಲಸ ಮುಗಿಯಿತು. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯಕ್ಕೆ ಹುರುಳಿಲ್ಲ. ಸೂಜಿಯ ದಾರಿಯಲ್ಲಿ ರೋಗ ಕಾಣಿಸಿಕೊಂಡದ್ದು ಅತ್ಯಂತ ವಿರಳ. ಆ ಭಯಕ್ಕೆ ಪರೀಕ್ಷೆ ತಪ್ಪಿಸಿಕೊಂಡು, ಆಮೇಲೆ ಬೇಡದ ಆಪರೇಷನ್‌ಗೆ ಒಳಗಾಗುವ ಅಪಾಯವೇ ದೊಡ್ಡದು.

ರಿಪೋರ್ಟ್ "ಮೂರು" ಅಂದರೆ?

ಸೂಜಿ ಪರೀಕ್ಷೆಯ ಫಲಿತಾಂಶವನ್ನು ಬೆಥೆಸ್ಡಾ ಪದ್ಧತಿಯಲ್ಲಿ ಆರು ವರ್ಗವಾಗಿ ಬರೆಯುತ್ತಾರೆ. 2023ರ ಮೂರನೇ ಆವೃತ್ತಿ ಕೊಡುವ ಕ್ಯಾನ್ಸರ್ ಸಾಧ್ಯತೆಯ ಸರಾಸರಿಗಳು ಇವು: ಒಂದನೆಯದು ಮಾದರಿ ಸಾಲದು, ಶೇ 13, ಎರಡನೆಯದು ನಿರಪಾಯ, ಶೇ 4, ಮೂರನೆಯದು ಅನಿಶ್ಚಿತ, ಶೇ 22, ನಾಲ್ಕನೆಯದು ಫಾಲಿಕ್ಯುಲರ್ ಗೆಡ್ಡೆ, ಶೇ 30, ಐದನೆಯದು ಕ್ಯಾನ್ಸರ್ ಅನುಮಾನ, ಶೇ 74, ಆರನೆಯದು ಕ್ಯಾನ್ಸರ್, ಶೇ 97.

ಒಂದು ಬಂದರೆ ಸೂಜಿಯನ್ನು ಮತ್ತೆ ಹಾಕಿಸುವುದು. ಎರಡು ಬಂದರೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್‌ನಲ್ಲಿ ಗಮನಿಸುತ್ತಾ ಇರುವುದು. ಐದು, ಆರಕ್ಕೆ ದಾರಿ ಹೆಚ್ಚುಕಡಿಮೆ ಸ್ಪಷ್ಟ. ಜನ ನಿದ್ದೆಗೆಡುವುದು ಮೂರು ಮತ್ತು ನಾಲ್ಕಕ್ಕೆ.

ಮೂರು ಎಂದು ಬಂದವರ ಮುಂದೆ ನಾಲ್ಕು ದಾರಿಗಳಿವೆ. ಮೊದಲನೆಯದು, ಸೂಜಿ ಮರುಪರೀಕ್ಷೆ. ಇದರಲ್ಲಿ ಬಹಳ ಸಲ ಉತ್ತರ ಸ್ಪಷ್ಟವಾಗಿ ಎರಡಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಮೇಲಕ್ಕೂ ಹೋಗುತ್ತದೆ. ಎರಡನೆಯದು, ಅದೇ ಮಾದರಿಯ ಮೇಲೆ ಜೀನ್ ಪರೀಕ್ಷೆ. ಬಿರಾಫ್ ಜೀನ್‌ನಲ್ಲಿ ವಿ600ಇ ಎಂಬ ಬದಲಾವಣೆ ಕಂಡರೆ ಪ್ಯಾಪಿಲರಿ ಎಂಬ ಬಗೆಯ ಕ್ಯಾನ್ಸರ್ ಬಹುತೇಕ ಖಚಿತ. ರಾಸ್ ಜೀನ್‌ನ ಬದಲಾವಣೆ ನಿರಪಾಯ ಗೆಡ್ಡೆಯಲ್ಲೂ ಇರಬಹುದಾದ್ದರಿಂದ ಅಷ್ಟು ಖಚಿತ ಹೇಳಲಾಗದು. ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ಥೈರೋಸೀಕ್, ಅಫಿರ್ಮಾದಂಥ ದೊಡ್ಡ ಪರೀಕ್ಷೆಗಳ ನಿಜವಾದ ಬಲ "ಕ್ಯಾನ್ಸರ್ ಅಲ್ಲ" ಎಂದು ಹೇಳುವುದರಲ್ಲಿದೆ. ಅಂಥ ಉತ್ತರ ಬಂದರೆ ಆಪರೇಷನ್ ತಪ್ಪಿಸಬಹುದು. ಮೂರನೆಯದು, ಗಂಟಿರುವ ಕಡೆಯ ಹಾಲೆಯನ್ನು (ಗ್ರಂಥಿಯ ಎಡ ಅಥವಾ ಬಲ ಭಾಗವನ್ನು) ತೆಗೆದು ಪೂರ್ತಿಯಾಗಿ ಪರೀಕ್ಷಿಸುವುದು. ನಾಲ್ಕನೆಯದು, ಅಲ್ಟ್ರಾಸೌಂಡ್‌ನಲ್ಲಿ ಅನುಮಾನದ ಲಕ್ಷಣಗಳಿಲ್ಲದಿದ್ದರೆ ಕಾಯುವುದು.

ನಾನಾದರೆ ಮೊದಲು ಸ್ಲೈಡನ್ನು ಥೈರಾಯ್ಡ್‌ನಲ್ಲಿ ಅನುಭವವಿರುವ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ ಎನ್ನುತ್ತೇನೆ. ಮೂರನೇ ವರ್ಗವೆಂದರೆ ನೋಡುವ ಕಣ್ಣಿನ ಮೇಲೆ ನಿಂತದ್ದು. ಒಬ್ಬರ ಮೂರು ಇನ್ನೊಬ್ಬರ ಎರಡಾಗಬಹುದು. ಅದಾದ ಮೇಲೆ ಮರುಸೂಜಿ, ಸೌಲಭ್ಯವಿದ್ದರೆ ಜೀನ್ ಪರೀಕ್ಷೆ. ಗಂಟು 4 ಸೆಂ.ಮೀ. ದಾಟಿ ಹೇಗೂ ತೆಗೆಯಲೇಬೇಕು ಎಂದಿದ್ದರೆ ಜೀನ್ ಪರೀಕ್ಷೆಗೆ ದುಡ್ಡು ಸುರಿಯುವುದು ವ್ಯರ್ಥ. ಪರೀಕ್ಷೆ ಮಾಡಿಸುವ ಮೊದಲು "ಉತ್ತರ ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ?" ಎಂದು ವೈದ್ಯರನ್ನು ಕೇಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆ ಬೇಕಿಲ್ಲ.

ನಾಲ್ಕನೇ ವರ್ಗದ ಕಥೆ ಬೇರೆ. ಫಾಲಿಕ್ಯುಲರ್ ಗೆಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಜೀವಕೋಶದ ಚಹರೆಯಿಂದ ತಿಳಿಯುವುದಿಲ್ಲ. ಗೆಡ್ಡೆ ತನ್ನ ಸುತ್ತಲಿನ ಹೊದಿಕೆಯನ್ನೋ ರಕ್ತನಾಳವನ್ನೋ ಸೀಳಿದೆಯೇ ಎಂಬುದರಿಂದ ತಿಳಿಯುತ್ತದೆ. ಕೋಟೆ ಒಡೆದಿದೆಯೇ ಎಂದು ನೋಡಲು ಒಳಗಿನಿಂದ ತಂದ ಒಂದು ಇಟ್ಟಿಗೆ ಸಾಲದು. ಹಾಗಾಗಿ ಎಷ್ಟು ಸಲ ಸೂಜಿ ಹಾಕಿದರೂ ಕೊನೆಯ ಉತ್ತರ ಹಾಲೆ ತೆಗೆದ ಮೇಲೆಯೇ. ಅದಕ್ಕೆ ಮೊದಲು ಜೀನ್ ಪರೀಕ್ಷೆ ಮಾಡಿಸಬಹುದು. ಆದರೆ ನಾಲ್ಕು ಎಂದು ಬಂದ ಮಾತ್ರಕ್ಕೆ ಮೊದಲ ಆಪರೇಷನ್‌ನಲ್ಲೇ ಇಡೀ ಗ್ರಂಥಿಯನ್ನು ತೆಗೆಸಿಕೊಳ್ಳಲು ಒಪ್ಪಬೇಡಿ. ಹತ್ತರಲ್ಲಿ ಏಳು ಸಲ ಅದು ಕ್ಯಾನ್ಸರೇ ಅಲ್ಲ.

ಯಾವ ಬಗೆಯದು ಎಂಬುದರ ಮೇಲೆ ಎಲ್ಲವೂ

ಶೇ 80ಕ್ಕೂ ಹೆಚ್ಚು ಪ್ರಕರಣಗಳು ಪ್ಯಾಪಿಲರಿ. ಇದು ದುಗ್ಧಗ್ರಂಥಿಗಳಿಗೆ ಹರಡುವುದು ಸಾಮಾನ್ಯ, ಜೀವ ತೆಗೆಯುವುದು ಅಪರೂಪ. ಫಾಲಿಕ್ಯುಲರ್ ಅದರ ನಂತರದ್ದು. ಹರಡಿದರೆ ರಕ್ತದ ಮೂಲಕ ಶ್ವಾಸಕೋಶ, ಮೂಳೆಗೆ ಹೋಗುತ್ತದೆ. ಮೆಡುಲರಿ, ಅನಾಪ್ಲಾಸ್ಟಿಕ್ ಎರಡೂ ವಿರಳ, ಎರಡರ ದಾರಿಯೂ ಬೇರೆ, ಕೊನೆಯಲ್ಲಿ ಹೇಳುತ್ತೇನೆ. ವಯಸ್ಸಿಗೂ ಇಲ್ಲಿ ವಿಶೇಷ ತೂಕವಿದೆ. 2018ರಿಂದ ಜಾರಿಯಲ್ಲಿರುವ ಹಂತ ನಿರ್ಣಯದಲ್ಲಿ 55 ವರ್ಷದೊಳಗಿನವರ ಪ್ಯಾಪಿಲರಿ, ಫಾಲಿಕ್ಯುಲರ್ ಕ್ಯಾನ್ಸರ್ ದೂರಕ್ಕೆ ಹರಡಿದ್ದರೂ ಅದನ್ನು ಎರಡನೇ ಹಂತವೆಂದೇ ಬರೆಯುತ್ತಾರೆ. ಬೇರೆ ಕ್ಯಾನ್ಸರ್‌ಗಳ ಹಂತದ ಲೆಕ್ಕವನ್ನು ಇಲ್ಲಿಗೆ ತಂದು ಹೆದರಬೇಡಿ.

ಚಿಕ್ಕ ಪ್ಯಾಪಿಲರಿ: ಕಣ್ಣಿಟ್ಟು ಕಾಯುವುದೋ, ತೆಗೆಸುವುದೋ?

ಜಪಾನಿನ ಕೋಬೆಯಲ್ಲಿರುವ ಕುಮಾ ಆಸ್ಪತ್ರೆಯಲ್ಲಿ ಅಕಿರಾ ಮಿಯಾವುಚಿ ಅವರ ಸಲಹೆಯಂತೆ 1993ರಲ್ಲಿ ಒಂದು ಪ್ರಯೋಗ ಶುರುವಾಯಿತು. 1 ಸೆಂ.ಮೀ. ಒಳಗಿನ ಪ್ಯಾಪಿಲರಿ ಕ್ಯಾನ್ಸರ್ ಇದೆ ಎಂದು ಖಚಿತವಾದ ಮೇಲೂ, ಅಪಾಯದ ಲಕ್ಷಣವಿಲ್ಲದವರಿಗೆ ಆಪರೇಷನ್ ಮಾಡದೆ ಗಮನಿಸುತ್ತಾ ಹೋದರು. 2014ರಲ್ಲಿ 1,235 ರೋಗಿಗಳ ಫಲಿತಾಂಶ ಹೊರಬಂತು. ಹತ್ತು ವರ್ಷದಲ್ಲಿ ಗಂಟು 3 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು ಶೇ 8ರಷ್ಟು ಮಂದಿಗೆ, ದುಗ್ಧಗ್ರಂಥಿಯಲ್ಲಿ ಹೊಸದಾಗಿ ರೋಗ ಕಂಡದ್ದು ಶೇ 3.8ರಷ್ಟು ಮಂದಿಗೆ. ಬೆಳೆದವರಿಗೆ ಆಗ ಆಪರೇಷನ್ ಮಾಡಿದರು. ತಡವಾಯಿತೆಂದು ಯಾರೂ ಥೈರಾಯ್ಡ್ ಕ್ಯಾನ್ಸರ್‌ನಿಂದ ಸಾಯಲಿಲ್ಲ. ಅಚ್ಚರಿಯೆಂದರೆ, ಬೇರೆ ಕ್ಯಾನ್ಸರ್‌ಗಳಿಗೆ ತಿರುಗುಮುರುಗಾಗಿ ಇಲ್ಲಿ ವಯಸ್ಸಾದವರಲ್ಲಿ ಗಂಟು ಬೆಳೆಯುವುದು ಕಡಿಮೆ, 40ರೊಳಗಿನವರಲ್ಲಿ ಹೆಚ್ಚು.

ಕಾಯುವುದೆಂದರೆ ಸುಮ್ಮನೆ ಬಿಡುವುದಲ್ಲ. ಮೊದಲ ಒಂದೆರಡು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅನುಭವಿ ಕೈಯಲ್ಲಿ ಅಲ್ಟ್ರಾಸೌಂಡ್ ಆಗಬೇಕು. 3 ಮಿ.ಮೀ. ಬೆಳೆದರೆ ಅಥವಾ ದುಗ್ಧಗ್ರಂಥಿಯಲ್ಲಿ ಏನಾದರೂ ಕಂಡರೆ ಆಪರೇಷನ್ ಬಗ್ಗೆ ಮತ್ತೆ ಕೂತು ಮಾತಾಡಬೇಕು. ಗಂಟು ಶ್ವಾಸನಾಳಕ್ಕೋ ದನಿಯ ನರಕ್ಕೋ ತಾಗಿಕೊಂಡಿದ್ದರೆ, ದುಗ್ಧಗ್ರಂಥಿಗೆ ಆಗಲೇ ಹರಡಿದ್ದರೆ, ಜೀವಕೋಶ ಉಗ್ರ ಬಗೆಯದೆಂದು ರಿಪೋರ್ಟ್ ಹೇಳಿದರೆ ಕಾಯುವ ಮಾತೇ ಬೇಡ. ವರ್ಷ ವರ್ಷ ತಪ್ಪದೆ ಬರಲಾಗದವರಿಗೂ ಇದು ಹೊಂದುವುದಿಲ್ಲ.

60 ದಾಟಿದವರಿಗೆ, ಹೃದಯವೋ ಶ್ವಾಸಕೋಶವೋ ದುರ್ಬಲವಿರುವವರಿಗೆ 7 ಮಿ.ಮೀ.ನ ಗಂಟಿಗಾಗಿ ಆಪರೇಷನ್ ಮಾಡಿಸುವುದಕ್ಕಿಂತ ಕಾಯುವುದೇ ಲೇಸು ಎಂದು ನಾನು ದೃಢವಾಗಿ ನಂಬಿದ್ದೇನೆ. 30ರ ವಯಸ್ಸಿನವರಿಗೆ ಎರಡೂ ಒಪ್ಪುವ ದಾರಿಗಳು. "ಕ್ಯಾನ್ಸರ್ ಒಳಗಿದೆ ಎಂದು ಗೊತ್ತಿದ್ದೂ ನೆಮ್ಮದಿಯಾಗಿ ಇರಲಾರೆ" ಎನ್ನುವವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆ ಸಂಕಟವೂ ಆಯ್ಕೆಯ ತಕ್ಕಡಿಯಲ್ಲಿ ತೂಗಬೇಕಾದದ್ದೇ.

ಈಚೆಗೆ ಸೂಜಿಯ ಮೂಲಕ ಶಾಖ ಕೊಟ್ಟು ಗಂಟನ್ನು ಸುಡುವ ವಿಧಾನವೂ ಬಂದಿದೆ. ಗಾಯದ ಗುರುತಿಲ್ಲ, ಗ್ರಂಥಿ ಉಳಿಯುತ್ತದೆ. ಆದರೆ ಸುಟ್ಟ ಗಂಟನ್ನು ಪೆಥಾಲಜಿಗೆ ಕಳಿಸಲಾಗದು, ಆಪರೇಷನ್‌ನಷ್ಟು ದೀರ್ಘ ಕಾಲದ ಅನುಭವವೂ ಇದಕ್ಕಿಲ್ಲ. ನಿರಪಾಯ ಗಂಟಿಗೆ ಇದು ಒಳ್ಳೆಯ ದಾರಿ. ಕ್ಯಾನ್ಸರ್‌ಗೆ ಆಯ್ದ ಕೆಲವರಿಗೆ ಮಾತ್ರ.

ಅರ್ಧವೋ, ಪೂರ್ತಿಯೋ?

ಅತಿ ಹೆಚ್ಚು ವಾದ ನಡೆಯುವುದು ಇಲ್ಲೇ, ರೋಗಿಯ ಮುಂದಿನ ಬದುಕನ್ನು ಅತಿ ಹೆಚ್ಚು ಬದಲಿಸುವುದೂ ಇದೇ.

ಕೆಲವರಿಗೆ ಆಯ್ಕೆಯೇ ಇಲ್ಲ. ಗೆಡ್ಡೆ 4 ಸೆಂ.ಮೀ. ಮೀರಿದ್ದರೆ, ಗ್ರಂಥಿಯ ಹೊರಗೆ ಕಣ್ಣಿಗೆ ಕಾಣುವಂತೆ ಹಬ್ಬಿದ್ದರೆ, ದುಗ್ಧಗ್ರಂಥಿಗಳಿಗೆ ಹರಡಿದ್ದು ಮೊದಲೇ ಗೊತ್ತಿದ್ದರೆ, ದೂರದ ಅಂಗಕ್ಕೆ ಹೋಗಿದ್ದರೆ ಪೂರ್ತಿ ಗ್ರಂಥಿ ತೆಗೆಯುವುದೇ ಸರಿ. 1 ಸೆಂ.ಮೀ.ಗಿಂತ ಚಿಕ್ಕದಿದ್ದು ಒಂದೇ ಹಾಲೆಯಲ್ಲಿದ್ದರೆ, ಆಪರೇಷನ್ ಬೇಕೆಂದಾದಲ್ಲಿ ಆ ಹಾಲೆ ತೆಗೆದರೆ ಸಾಕು. ನಡುವಿನ 1ರಿಂದ 4 ಸೆಂ.ಮೀ.ವರೆಗಿನದಕ್ಕೆ ಹಿಂದೆಲ್ಲ ಪೂರ್ತಿ ತೆಗೆಯುವುದೇ ರೂಢಿಯಾಗಿತ್ತು. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರ ಮಾರ್ಗಸೂಚಿಯಲ್ಲಿ, ಅಪಾಯದ ಲಕ್ಷಣಗಳಿಲ್ಲದಿದ್ದರೆ ಎರಡರಲ್ಲಿ ಯಾವುದಾದರೂ ಸರಿ ಎಂದಿತು. ಇಂಥವರಲ್ಲಿ ಅರ್ಧ ತೆಗೆಸಿದವರೂ ಪೂರ್ತಿ ತೆಗೆಸಿದವರೂ ಬದುಕುಳಿಯುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಎಂಬುದು ಇದರ ಹಿಂದಿನ ಕಾರಣ.

ಹಾಗಾದರೆ ವ್ಯತ್ಯಾಸ ಎಲ್ಲಿ? ಮೊದಲು ಕ್ಯಾಲ್ಸಿಯಂ. ಥೈರಾಯ್ಡ್‌ನ ಹಿಂಬದಿಗೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಕೆಲವೇ ಮಿಲಿಮೀಟರ್ ಗಾತ್ರದವು. ಪೂರ್ತಿ ಆಪರೇಷನ್‌ನಲ್ಲಿ ನಾಲ್ಕಕ್ಕೂ ಪೆಟ್ಟು ಬೀಳಬಹುದು. ಆಪರೇಷನ್ ಆದ ಒಂದೆರಡು ದಿನದಲ್ಲಿ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಎನ್ನುತ್ತದೆ, ಕೈಕಾಲು ಸೆಳೆತ ಬರುತ್ತದೆ. ಇದು ಕಂಡ ಕೂಡಲೇ ನರ್ಸಿಗೆ ಹೇಳಿ, ಮನೆಗೆ ಬಂದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಸರಿಹೋಗದ ಕೆಲವರು ದಿನಕ್ಕೆ ಹಲವು ಸಲ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ನುಂಗುತ್ತಾ ಜೀವನವಿಡೀ ರಕ್ತ ಪರೀಕ್ಷೆ ಮಾಡಿಸುತ್ತಾ ಇರಬೇಕಾಗುತ್ತದೆ. ಅರ್ಧ ತೆಗೆಸಿದವರಿಗೆ ಇನ್ನೊಂದು ಬದಿಯ ಪ್ಯಾರಾಥೈರಾಯ್ಡ್‌ಗಳನ್ನು ಯಾರೂ ಮುಟ್ಟಿರುವುದೇ ಇಲ್ಲವಾದ್ದರಿಂದ ಈ ತೊಂದರೆ ಬಹುತೇಕ ಇಲ್ಲ.

ಎರಡನೆಯದು ದನಿ. ಗ್ರಂಥಿಯ ಎರಡು ಬದಿಯಲ್ಲೂ ಸ್ವರತಂತುವಿಗೆ ಹೋಗುವ ಒಂದೊಂದು ನರವಿದೆ. ಒಂದಕ್ಕೆ ಪೆಟ್ಟಾದರೆ ದನಿ ಗೊಗ್ಗರಾಗುತ್ತದೆ. ಎರಡಕ್ಕೂ ಆದರೆ ಉಸಿರಾಟವೇ ಕಷ್ಟವಾಗಿ ಕುತ್ತಿಗೆಯಲ್ಲಿ ರಂಧ್ರ ಮಾಡಬೇಕಾದೀತು. ಅರ್ಧ ಆಪರೇಷನ್‌ನಲ್ಲಿ ಎರಡನೇ ಅಪಾಯವಿಲ್ಲ. ಹಾಡುವವರು, ಪಾಠ ಹೇಳುವವರು, ಮಾತನ್ನೇ ನಂಬಿ ಬದುಕುವವರು ಇದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಯಾರೇ ಆದರೂ ಆಪರೇಷನ್‌ಗೆ ಮೊದಲು ಸ್ವರತಂತುಗಳ ಚಲನೆ ನೋಡಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು ಮಾತ್ರೆ. ಪೂರ್ತಿ ತೆಗೆಸಿದರೆ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಅಂದರೆ ಲೆವೊಥೈರಾಕ್ಸಿನ್, ಜೀವನಪರ್ಯಂತ. ಅರ್ಧ ಉಳಿದರೆ ಹಲವರಿಗೆ ಮಾತ್ರೆಯೇ ಬೇಕಾಗದು. ಆದರೆ "ಖಂಡಿತ ಬೇಡ" ಎಂದು ಯಾರೂ ಮಾತು ಕೊಡಲಾರರು. ಆಪರೇಷನ್‌ಗೆ ಮೊದಲೇ ಟಿಎಸ್‌ಎಚ್ ಮೇಲ್ಮಿತಿಯ ಹತ್ತಿರವಿದ್ದವರಿಗೆ, ಹಶಿಮೊಟೊ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ) ಇರುವವರಿಗೆ ಮಾತ್ರೆ ಬರುವ ಸಂಭವ ಹೆಚ್ಚು. ಅವರು ಮಾತ್ರೆ ತಪ್ಪಿಸಿಕೊಳ್ಳಲೆಂದು ಅರ್ಧ ಆರಿಸಿಕೊಂಡರೆ ನಿರಾಸೆಯಾದೀತು.

ಪೂರ್ತಿ ತೆಗೆಸುವುದಕ್ಕೂ ಅದರದ್ದೇ ಲಾಭಗಳಿವೆ. ಥೈರೊಗ್ಲಾಬ್ಯುಲಿನ್ ಎಂಬ ಪ್ರೋಟೀನನ್ನು ಥೈರಾಯ್ಡ್ ಜೀವಕೋಶಗಳು ಮಾತ್ರ ಉತ್ಪಾದಿಸುತ್ತವೆ. ಗ್ರಂಥಿ ಪೂರ್ತಿ ಹೋದ ಮೇಲೆ ರಕ್ತದಲ್ಲಿ ಅದು ಏರಿದರೆ ರೋಗ ಮರುಕಳಿಸಿದೆಯೇ ಎಂದು ನೋಡಲು ಒಳ್ಳೆಯ ಸುಳಿವು. ಅರ್ಧ ಉಳಿದವರಲ್ಲಿ ಈ ಲೆಕ್ಕ ಅಷ್ಟು ನಿಚ್ಚಳವಲ್ಲ, ಅಲ್ಟ್ರಾಸೌಂಡನ್ನೇ ನಂಬಬೇಕು. ರೇಡಿಯೋ ಅಯೋಡಿನ್ ಬೇಕಾಗುವಂತಿದ್ದರೂ ಪೂರ್ತಿ ತೆಗೆದಿರಲೇಬೇಕು. ಅಲ್ಲದೆ, ಅರ್ಧ ತೆಗೆಸಿದ ಮೇಲೆ ಪೆಥಾಲಜಿಯಲ್ಲಿ ಉಗ್ರ ಲಕ್ಷಣ ಕಂಡರೆ ಎರಡನೇ ಆಪರೇಷನ್ ಮಾಡಿಸಬೇಕಾದೀತು. ಈ ಸಾಧ್ಯತೆಗೆ ಮನಸ್ಸನ್ನು ಮೊದಲೇ ಸಿದ್ಧ ಮಾಡಿಕೊಳ್ಳಬೇಕು.

ಒಂದೇ ಹಾಲೆಯಲ್ಲಿ, 2 ಸೆಂ.ಮೀ. ಒಳಗೆ, ದುಗ್ಧಗ್ರಂಥಿಗಳು ಚೊಕ್ಕವಾಗಿದ್ದರೆ ಅರ್ಧವೇ ಸಾಕೆಂಬುದು ನನ್ನ ಅಭಿಪ್ರಾಯ. 2ರಿಂದ 4ರ ನಡುವೆ ಇನ್ನೊಂದು ಬದಿಯಲ್ಲೂ ಗಂಟುಗಳಿವೆಯೇ, ಆಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ, ಎರಡನೇ ಆಪರೇಷನ್ ಸಾಧ್ಯತೆಯನ್ನು ಸಹಿಸಬಲ್ಲರೇ ಎಂಬುದರ ಮೇಲೆ ತೀರ್ಮಾನ ನಿಲ್ಲುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಆಯ್ಕೆ ಸರ್ಜನ್‌ರದ್ದು. ವರ್ಷಕ್ಕೆ 25ಕ್ಕಿಂತ ಹೆಚ್ಚು ಪೂರ್ತಿ ಥೈರಾಯ್ಡ್ ಆಪರೇಷನ್ ಮಾಡುವವರ ಕೈಯಲ್ಲಿ ತೊಡಕುಗಳು ಕಡಿಮೆ ಎಂದು ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ತೋರಿಸಿತು. "ವರ್ಷಕ್ಕೆ ಎಷ್ಟು ಮಾಡುತ್ತೀರಿ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬಾಯಿಯ ಒಳಗಿನಿಂದ ಮಾಡುವ ಆಪರೇಷನ್‌ನಲ್ಲಿ ಕುತ್ತಿಗೆಯ ಮೇಲೆ ಗುರುತು ಉಳಿಯುವುದಿಲ್ಲ. ಆದರೆ ಅದು ಚಿಕ್ಕ ಗೆಡ್ಡೆಗಳಿಗೆ, ಅದರಲ್ಲೇ ಪಳಗಿದ ಕೈಗೆ ಮಾತ್ರ.

ರೇಡಿಯೋ ಅಯೋಡಿನ್: ಎಲ್ಲರಿಗೂ ಬೇಕೇ?

ಥೈರಾಯ್ಡ್ ಜೀವಕೋಶಗಳು ಅಯೋಡಿನ್ ಹೀರಿಕೊಳ್ಳುತ್ತವೆ. ವಿಕಿರಣ ಸೂಸುವ ಅಯೋಡಿನ್-131 ನುಂಗಿಸಿದರೆ ಅದು ಉಳಿದ ಜೀವಕೋಶಗಳನ್ನು ಹುಡುಕಿಕೊಂಡು ಹೋಗಿ ಕೊಲ್ಲುತ್ತದೆ. ಇಂಥ ಚಂದದ ಚಿಕಿತ್ಸೆ ಇದೆಯೆಂದ ಮೇಲೆ ಎಲ್ಲರಿಗೂ ಕೊಡೋಣ ಎಂದು ದಶಕಗಳ ಕಾಲ ಕೊಟ್ಟರು. ಫ್ರಾನ್ಸಿನಲ್ಲಿ ಕಡಿಮೆ ಅಪಾಯದ 776 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಎಸ್ಟಿಮ್ಯಾಬ್ಲ್-2 ಪ್ರಯೋಗ ಇದನ್ನು ನೇರವಾಗಿ ಒರೆಗೆ ಹಚ್ಚಿತು. ಪೂರ್ತಿ ಗ್ರಂಥಿ ತೆಗೆದ ಮೇಲೆ ಅರ್ಧ ಜನರಿಗೆ ಅಯೋಡಿನ್ ಕೊಟ್ಟು, ಇನ್ನರ್ಧ ಜನರನ್ನು ಗಮನಿಸುತ್ತಾ ಹೋದರು. ಮೂರು ವರ್ಷದಲ್ಲಿ ಯಾವ ತೊಂದರೆಯೂ ಕಾಣದವರು ಅಯೋಡಿನ್ ಪಡೆದವರಲ್ಲಿ ಶೇ 95.9, ಪಡೆಯದವರಲ್ಲಿ ಶೇ 95.6. ಅಂದರೆ ಕಡಿಮೆ ಅಪಾಯದವರಿಗೆ ಇದರಿಂದ ಹೆಚ್ಚಿನ ಲಾಭವಿಲ್ಲ. ಲಾಲಾಗ್ರಂಥಿ ಊದಿಕೊಳ್ಳುವುದು, ಬಾಯಿ ಒಣಗುವುದು, ರುಚಿ ಕೆಡುವುದು ಮಾತ್ರ ಇದ್ದೇ ಇವೆ.

ದೂರಕ್ಕೆ ಹರಡಿದವರಿಗೆ, ಗೆಡ್ಡೆ ಪೂರ್ತಿ ತೆಗೆಯಲಾಗದೆ ಉಳಿದವರಿಗೆ ಅಯೋಡಿನ್ ಬೇಕೇ ಬೇಕು. ನಡುವಿನ ಗುಂಪಿನವರು ಆಪರೇಷನ್ ನಂತರದ ಥೈರೊಗ್ಲಾಬ್ಯುಲಿನ್ ಮತ್ತು ಅಲ್ಟ್ರಾಸೌಂಡ್ ನೋಡಿ ತೀರ್ಮಾನಿಸುವುದು ಜಾಣತನ. ಉಳಿಕೆ ಗ್ರಂಥಿಯನ್ನು ಅಳಿಸುವುದಷ್ಟೇ ಉದ್ದೇಶವಾದರೆ 100 ಮಿಲಿಕ್ಯೂರಿಯ (ವಿಕಿರಣದ ಅಳತೆ) ಬದಲು 30 ಮಿಲಿಕ್ಯೂರಿಯೇ ಸಾಲುತ್ತದೆಂದು 2012ರ ಎರಡು ಪ್ರಯೋಗಗಳು ತೋರಿಸಿವೆ.

ಜೀವಕೋಶಗಳು ಚೆನ್ನಾಗಿ ಹೀರಿಕೊಳ್ಳಲೆಂದು ಅಯೋಡಿನ್‌ಗೆ ಮೊದಲು ಟಿಎಸ್‌ಎಚ್ ಏರಬೇಕು. ಅದಕ್ಕೆ ಎರಡು ದಾರಿ: ಮಾತ್ರೆಯನ್ನು ವಾರಗಟ್ಟಲೆ ನಿಲ್ಲಿಸುವುದು ಅಥವಾ ಟಿಎಸ್‌ಎಚ್ ಚುಚ್ಚುಮದ್ದು ಎರಡು ದಿನ ತೆಗೆದುಕೊಳ್ಳುವುದು. ಮಾತ್ರೆ ನಿಲ್ಲಿಸಿದರೆ ಖರ್ಚಿಲ್ಲ, ಆದರೆ ಮೈ ಊದಿ, ಚಳಿ ಹತ್ತಿ, ಮಂಕು ಕವಿದು ದಿನ ದೂಡುವುದೇ ಕಷ್ಟವಾಗುತ್ತದೆ. ಚುಚ್ಚುಮದ್ದು ದುಬಾರಿ, ಮೈಗೆ ಹಿತ. ದೂರಕ್ಕೆ ಹರಡದವರಲ್ಲಿ ಫಲಿತಾಂಶ ಎರಡರದ್ದೂ ಸರಿಸಮ. ಹಣ ಹೊಂದಿಸಬಲ್ಲವರು ಚುಚ್ಚುಮದ್ದನ್ನೇ ಆರಿಸಿಕೊಳ್ಳಲಿ. ಗರ್ಭಿಣಿಯರಿಗೆ, ಎದೆಹಾಲುಣಿಸುತ್ತಿರುವವರಿಗೆ ರೇಡಿಯೋ ಅಯೋಡಿನ್ ಕೊಡುವಂತೆಯೇ ಇಲ್ಲ. ತೆಗೆದುಕೊಂಡ ಮೇಲೆ ಗರ್ಭ ಧರಿಸಲು ಕನಿಷ್ಠ ಆರು ತಿಂಗಳು ಕಾಯಬೇಕು.

ಮಾತ್ರೆಯ ಪ್ರಮಾಣ

ಉಳಿದ ಕ್ಯಾನ್ಸರ್ ಕೋಶಗಳನ್ನು ಟಿಎಸ್‌ಎಚ್ ಬೆಳೆಸಬಹುದೆಂದು, ಹಿಂದೆ ಲೆವೊಥೈರಾಕ್ಸಿನ್ ಹೆಚ್ಚು ಕೊಟ್ಟು ಎಲ್ಲರ ಟಿಎಸ್‌ಎಚ್ ಅನ್ನೂ 0.1ರ ಕೆಳಗೆ ತುಳಿದಿಡುತ್ತಿದ್ದರು. ಈಗ ಹೆಚ್ಚಿನ ಅಪಾಯದವರಿಗಷ್ಟೇ ಹಾಗೆ. ಕಡಿಮೆ ಅಪಾಯದವರಿಗೆ 0.5ರಿಂದ 2ರ ನಡುವೆ ಇದ್ದರೆ ಸಾಕು. ವರ್ಷಾನುಗಟ್ಟಲೆ ಅತಿಯಾಗಿ ತಗ್ಗಿಸಿದರೆ ಎದೆಬಡಿತ ತಾಳ ತಪ್ಪುತ್ತದೆ, ಮುಟ್ಟು ನಿಂತ ಮಹಿಳೆಯರ ಮೂಳೆ ಸವೆಯುತ್ತದೆ. ಹಳೆಯ ಪ್ರಮಾಣವೇ ಮುಂದುವರಿಯುತ್ತಿದ್ದರೆ "ನನ್ನ ಗುರಿ ಈಗ ಎಷ್ಟು?" ಎಂದು ಕೇಳಿ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ರಿಪೋರ್ಟ್ ದಾರಿ ತಪ್ಪಿಸುತ್ತದೆ.

ಮೆಡುಲರಿ ಎಂದು ಬಂದರೆ

ಮೇಲೆ ಹೇಳಿದ ಅರ್ಧ-ಪೂರ್ತಿ, ಅಯೋಡಿನ್ ಲೆಕ್ಕವನ್ನು ಬದಿಗಿಡಿ. ಮೆಡುಲರಿ ಹುಟ್ಟುವುದು ಅಯೋಡಿನ್ ಹೀರದ ಬೇರೆ ಜೀವಕೋಶದಿಂದ. ರೇಡಿಯೋ ಅಯೋಡಿನ್ ಇದಕ್ಕೆ ತಾಗುವುದಿಲ್ಲ. ಪೂರ್ತಿ ಗ್ರಂಥಿಯ ಜೊತೆ ಕುತ್ತಿಗೆಯ ನಡುಭಾಗದ ದುಗ್ಧಗ್ರಂಥಿಗಳನ್ನೂ ತೆಗೆಯುವುದು ಸಾಮಾನ್ಯ ಕ್ರಮ. ಕ್ಯಾಲ್ಸಿಟೋನಿನ್, ಸಿಇಎ ರಕ್ತ ಪರೀಕ್ಷೆಗಳಲ್ಲಿ ರೋಗದ ಜಾಡು ಹಿಡಿಯುತ್ತಾರೆ. ಸುಮಾರು ನಾಲ್ಕರಲ್ಲೊಂದು ಪ್ರಕರಣ ವಂಶವಾಹಿ. ಆದ್ದರಿಂದ ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೂ ರೋಗಿಗೆ ರೆಟ್ ಜೀನ್ ಪರೀಕ್ಷೆ ಆಗಬೇಕು. ಬದಲಾವಣೆ ಕಂಡರೆ ಮಕ್ಕಳಿಗೆ, ಒಡಹುಟ್ಟಿದವರಿಗೆ ಕೂಡ. ಆಪರೇಷನ್‌ಗೆ ಮೊದಲು ಅಡ್ರಿನಲ್ ಗ್ರಂಥಿಯಲ್ಲಿ ಫಿಯೊಕ್ರೊಮೊಸೈಟೋಮಾ ಎಂಬ ಗೆಡ್ಡೆ ಇಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ಅದು ಇದ್ದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಜೀವಕ್ಕೆ ಅಪಾಯವಾಗುವಷ್ಟು ಏರಬಹುದು. ಹರಡಿದ ಮೆಡುಲರಿಯಲ್ಲಿ ರೆಟ್ ಬದಲಾವಣೆ ಇದ್ದರೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೆಲ್‌ಪರ್ಕ್ಯಾಟಿನಿಬ್‌ನಂಥ ಗುರಿಯಿಟ್ಟು ಹೊಡೆಯುವ ಮಾತ್ರೆ ಇದೆ.

ಅಯೋಡಿನ್ ಕೈಕೊಟ್ಟಾಗ, ಮತ್ತು ಅನಾಪ್ಲಾಸ್ಟಿಕ್

ಹರಡಿದ ಪ್ಯಾಪಿಲರಿ, ಫಾಲಿಕ್ಯುಲರ್ ಕ್ಯಾನ್ಸರ್ ಅಯೋಡಿನ್ ಹೀರುವುದನ್ನು ನಿಲ್ಲಿಸಿದರೆ ಮಾತ್ರೆ ರೂಪದ ಔಷಧಗಳಿವೆ. ಸೊರಾಫೆನಿಬ್ 2013ರಲ್ಲಿ, ಲೆನ್ವಾಟಿನಿಬ್ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಲೆನ್ವಾಟಿನಿಬ್ ಪ್ರಯೋಗದಲ್ಲಿ ರೋಗ ಮುಂದುವರಿಯದೆ ನಿಂತ ಅವಧಿ ಔಷಧ ಪಡೆದವರಲ್ಲಿ 18.3 ತಿಂಗಳು, ಪಡೆಯದವರಲ್ಲಿ 3.6 ತಿಂಗಳು. ಸೊರಾಫೆನಿಬ್‌ನ ಪ್ರಯೋಗದಲ್ಲಿ ಅದು 10.8 ಮತ್ತು 5.8. ಲೆನ್ವಾಟಿನಿಬ್ ಬಲವಾದದ್ದು, ಜೊತೆಗೆ ರಕ್ತದೊತ್ತಡ ಏರಿಕೆ, ಭೇದಿ, ಸುಸ್ತು, ತೂಕ ಇಳಿಕೆಯನ್ನೂ ತರುತ್ತದೆ. ಹಾಗಾಗಿ ಶ್ವಾಸಕೋಶದಲ್ಲಿ ಚಿಕ್ಕ ಚುಕ್ಕೆಗಳಿದ್ದು, ಬೆಳೆಯದೆ, ತೊಂದರೆ ಕೊಡದೆ ಇದ್ದರೆ ಔಷಧ ಶುರುಮಾಡದೆ ಸ್ಕ್ಯಾನ್‌ನಲ್ಲಿ ಗಮನಿಸುವುದೂ ಸರಿಯಾದ ಚಿಕಿತ್ಸೆಯೇ. ಶುರುಮಾಡುವ ಮೊದಲು ಗೆಡ್ಡೆಯ ಜೀನ್ ಪರೀಕ್ಷೆ ಮಾಡಿಸಿ. ರೆಟ್, ಎನ್‌ಟಿಆರ್‌ಕೆ ಎಂಬ ಜೀನ್‌ಗಳಲ್ಲಿ ಬದಲಾವಣೆ ಸಿಕ್ಕರೆ ಇವಕ್ಕಿಂತ ಸಹಿಸಲು ಸುಲಭವಾದ ಔಷಧಗಳಿವೆ.

ಅನಾಪ್ಲಾಸ್ಟಿಕ್‌ಗೆ ಮಾತ್ರ ಈ ಬರಹದುದ್ದಕ್ಕೂ ಹೇಳಿದ ನಿಧಾನ ಸಲ್ಲದು. ಹೆಚ್ಚಾಗಿ 60 ದಾಟಿದವರಲ್ಲಿ ಕಾಣುವ ಇದು ದಿನದಿಂದ ದಿನಕ್ಕೆ ಬೆಳೆಯುತ್ತದೆ. ಪತ್ತೆಯಾದಾಗಲೇ ನಾಲ್ಕನೇ ಹಂತ. ಇಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯಕ್ಕೆ ವಾರಗಳಿಲ್ಲ, ದೊಡ್ಡ ಕ್ಯಾನ್ಸರ್ ಕೇಂದ್ರಕ್ಕೆ ಅದೇ ವಾರ ಹೋಗಬೇಕು. ಬಯಾಪ್ಸಿಯಾದ ದಿನವೇ ಬಿರಾಫ್ ಪರೀಕ್ಷೆಗೆ ಕಳಿಸಲು ಹೇಳಿ. ವಿ600ಇ ಇದ್ದರೆ ಡಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಜೋಡಿ ಔಷಧ ಗೆಡ್ಡೆಯನ್ನು ಕುಗ್ಗಿಸಬಲ್ಲದು. 2018ರಲ್ಲಿ ಇದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲು ತೆಗೆಯಲಾಗದು ಎಂದಿದ್ದ ಗೆಡ್ಡೆಯನ್ನು ಔಷಧದ ನಂತರ ತೆಗೆಯಲು ಸಾಧ್ಯವಾದ ನಿದರ್ಶನಗಳಿವೆ. ಬದಲಾವಣೆ ಇಲ್ಲದಿದ್ದರೆ, ತೆಗೆಯಬಲ್ಲ ಸ್ಥಿತಿಯಲ್ಲಿದ್ದವರಿಗೆ ಆಪರೇಷನ್, ಉಳಿದವರಿಗೆ ವಿಕಿರಣ ಮತ್ತು ಕಿಮೋ. ಶ್ವಾಸನಾಳ ಮುಚ್ಚಿಕೊಂಡರೆ ಕುತ್ತಿಗೆಯಲ್ಲಿ ರಂಧ್ರ ಮಾಡಬೇಕೇ, ನುಂಗಲಾಗದಿದ್ದರೆ ಹೊಟ್ಟೆಗೆ ನಳಿಕೆ ಹಾಕಬೇಕೇ ಎಂಬ ಪ್ರಶ್ನೆಗಳನ್ನು ರೋಗಿ ಮಾತಾಡಬಲ್ಲ ಸ್ಥಿತಿಯಲ್ಲಿರುವಾಗಲೇ ಅವರನ್ನೇ ಕೇಳಿ. ನೋವು ಮತ್ತು ಉಸಿರುಗಟ್ಟುವಿಕೆಯನ್ನು ನೋಡಿಕೊಳ್ಳುವ ಉಪಶಮನ ಚಿಕಿತ್ಸೆಯ ತಂಡವನ್ನು ಬೇರೆಲ್ಲ ಚಿಕಿತ್ಸೆ ಮುಗಿದ ಮೇಲಲ್ಲ, ಮೊದಲ ವಾರವೇ ಕರೆಸಿಕೊಳ್ಳಿ.